ಆ್ಯಪ್ ಇರಲಿ, ಜಾಲತಾಣದ ಬಾಗಿಲು ಮುಚ್ಚುವುದು ಬೇಡ

ಮಾನ್ಯ ಸಂಪಾದಕರೆ,

ಮೊಬೈಲ್ ಫೋನಿನ ಬ್ರೌಸರ್‌ನಲ್ಲಿ ಯಾವುದಾದರೂ ಜಾಲತಾಣವನ್ನು ತೆರೆದರೆ, ಪುಟ ಪೂರ್ತಿ ಕಾಣಿಸುವ ಮೊದಲೇ ‘ನಮ್ಮ ಆ್ಯಪ್‌ನಲ್ಲಿ ತೆರೆಯಿರಿ’ ಎಂಬ ಫಲಕವೊಂದು ಪರದೆಯ ಅರ್ಧ ಭಾಗವನ್ನು ಆವರಿಸಿಕೊಳ್ಳುವುದು ಈಗ ಎಲ್ಲರಿಗೂ ರೂಢಿಯಾಗಿಬಿಟ್ಟಿದೆ. ಕೆಲವು ತಾಣಗಳು ಆ ಫಲಕವನ್ನು ಮುಚ್ಚಲು ಮೂಲೆಯಲ್ಲಿ ಒಂದು ಸಣ್ಣ ಗುರುತನ್ನಾದರೂ ಇಟ್ಟಿರುತ್ತವೆ. ಇನ್ನು ಕೆಲವು ಎರಡು ಸಾಲು ಓದಲು ಬಿಟ್ಟು, ಉಳಿದದ್ದನ್ನು ಆ್ಯಪ್ ಹಾಕಿಕೊಂಡವರಿಗೆ ಮಾತ್ರ ತೋರಿಸುತ್ತವೆ. ಮತ್ತೆ ಕೆಲವು ಸೇವೆಗಳಂತೂ ಜಾಲತಾಣವನ್ನೇ ಕೈಬಿಟ್ಟು, ವಿಳಾಸ ತೆರೆದವರನ್ನು ನೇರವಾಗಿ ಆ್ಯಪ್ ಸ್ಟೋರ್‌ಗೆ ಕಳಿಸುತ್ತವೆ. ಒಂದು ಕೆಲಸವನ್ನು ಆ್ಯಪ್‌ನಲ್ಲಿ ಮಾಡಬೇಕೋ ಬ್ರೌಸರ್‌ನಲ್ಲಿ ಮಾಡಬೇಕೋ ಎಂಬುದು ಫೋನ್ ಬಳಸುವವರ ಆಯ್ಕೆಯಾಗಿರಬೇಕಿತ್ತು. ಅದು ಸೇವೆ ಕೊಡುವವರ ತೀರ್ಮಾನವಾಗಿ ಬದಲಾಗುತ್ತಿದೆ, ಮತ್ತು ಬಳಕೆದಾರರಾದ ನಾವು ಅದನ್ನು ಪ್ರಶ್ನಿಸದೆ ಒಪ್ಪಿಕೊಳ್ಳುತ್ತಿದ್ದೇವೆ ಎಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಆ್ಯಪ್‌ಗಳ ವಿರೋಧಿಯಲ್ಲ. ದಿನವೂ ಬಳಸುವ, ಫೋನಿನೊಳಗಿನ ಸವಲತ್ತುಗಳ ನೆರವಿಲ್ಲದೆ ಸಾಗದ ಕೆಲಸಗಳಿಗೆ ಆ್ಯಪ್ ಬೇಕೇ ಬೇಕು. ಆದರೆ ಎಂದೋ ಒಮ್ಮೆ ಬೇಕಾಗುವ ಕೆಲಸಗಳಿಗೆ, ಓದುವುದಕ್ಕೆ, ಹುಡುಕುವುದಕ್ಕೆ, ಅರ್ಜಿ ತುಂಬುವುದಕ್ಕೆ, ಬೆಲೆ ಹೋಲಿಸಿ ನೋಡುವುದಕ್ಕೆ ಜಾಲತಾಣವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆ ಬಳಸಬಯಸುವವರಿಗೆ ಆ ದಾರಿ ಪೂರ್ಣವಾಗಿ ತೆರೆದಿರಬೇಕು ಎಂಬುದು ನನ್ನ ಒತ್ತಾಯ.

ಇಂದಿನ ಪರಿಸ್ಥಿತಿ ಹೇಗೆ ಬಂತು ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 2007ರಲ್ಲಿ ಮೊದಲ ಐಫೋನ್ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಆ್ಯಪ್ ಸ್ಟೋರ್ ಇರಲಿಲ್ಲ. ಆ ವರ್ಷದ ಜೂನ್‌ನಲ್ಲಿ, ಐಫೋನ್ ತಯಾರಿಸುವ ಆ್ಯಪಲ್ ಕಂಪನಿಯ ಮುಖ್ಯಸ್ಥರಾಗಿದ್ದ ಸ್ಟೀವ್ ಜಾಬ್ಸ್ ಅವರು ತಂತ್ರಾಂಶ ಬರೆಯುವವರಿಗೆ ಹೇಳಿದ್ದು, ಫೋನಿನ ಸಫಾರಿ ಬ್ರೌಸರ್‌ನಲ್ಲಿ ನಡೆಯುವಂತಹ ಜಾಲತಾಣಗಳನ್ನೇ ಕಟ್ಟಿರಿ ಎಂದು. ಬರೆಯುವವರಿಗೆ ಅದು ಸಾಕಾಗಲಿಲ್ಲ. ಆಗಿನ ಬ್ರೌಸರ್‌ಗೆ ಕ್ಯಾಮೆರಾ ಸಿಗುತ್ತಿರಲಿಲ್ಲ, ಬಳಕೆದಾರರು ಎಲ್ಲಿದ್ದಾರೆ ಎಂಬುದು ತಿಳಿಯುತ್ತಿರಲಿಲ್ಲ, ನೆಟ್‌ವರ್ಕ್ ಹೋದರೆ ಪುಟವೂ ಹೋಗುತ್ತಿತ್ತು. 2008ರ ಜುಲೈ 10ರಂದು ಸುಮಾರು 500 ಆ್ಯಪ್‌ಗಳೊಂದಿಗೆ ಆ್ಯಪಲ್‌ನ ಆ್ಯಪ್ ಸ್ಟೋರ್ ತೆರೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಇಂದು ಗೂಗಲ್ ಪ್ಲೇ ಎಂದು ಕರೆಯಲಾಗುವ ಆಂಡ್ರಾಯ್ಡ್ ಮಾರ್ಕೆಟ್ ಆರಂಭವಾಯಿತು. ಅಂದಿನ ಕೊರತೆಗಳಿಗೆ ಆ್ಯಪ್ ಸರಿಯಾದ ಉತ್ತರವೇ ಆಗಿತ್ತು.

ಆ ಕೊರತೆಗಳಲ್ಲಿ ಹೆಚ್ಚಿನವು ಈಗ ಉಳಿದಿಲ್ಲ ಎಂಬುದನ್ನು ಬಹಳ ಜನ ಗಮನಿಸಿಲ್ಲ. ಇಂದಿನ ಮೊಬೈಲ್ ಬ್ರೌಸರ್ ಅನುಮತಿ ಪಡೆದು ಕ್ಯಾಮೆರಾ, ಮೈಕ್ ಮತ್ತು ಸ್ಥಳದ ಮಾಹಿತಿಯನ್ನು ಬಳಸಬಲ್ಲದು. ‘ಸರ್ವಿಸ್ ವರ್ಕರ್’ ಎಂಬ ವ್ಯವಸ್ಥೆಯ ನೆರವಿನಿಂದ ಜಾಲತಾಣವು ತನ್ನ ಮುಖ್ಯ ಭಾಗಗಳನ್ನು ಫೋನಿನಲ್ಲೇ ಉಳಿಸಿಕೊಂಡು, ನೆಟ್‌ವರ್ಕ್ ಇಲ್ಲದಾಗಲೂ ತೆರೆದುಕೊಳ್ಳಬಲ್ಲದು. ಹೀಗೆ ಕಟ್ಟಿದ ತಾಣಗಳಿಗೆ ‘ಪ್ರೋಗ್ರೆಸಿವ್ ವೆಬ್ ಆ್ಯಪ್’ ಎಂಬ ಹೆಸರು 2015ರಲ್ಲಿ ಬಂತು. ಐಫೋನ್‌ಗಳಲ್ಲಿ ಸರ್ವಿಸ್ ವರ್ಕರ್ ಸೌಲಭ್ಯ 2018ರಲ್ಲಿ ಸೇರಿತು. ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡ ಜಾಲತಾಣಗಳು ನೋಟಿಫಿಕೇಶನ್ ಕಳಿಸಲು 2023ರಲ್ಲಿ ಅವಕಾಶವಾಯಿತು. ಇಷ್ಟೆಲ್ಲ ಸಾಧ್ಯವಾದ ಮೇಲೂ ಒಂದು ಸೇವೆ ‘ಇದು ಆ್ಯಪ್‌ನಲ್ಲಿ ಮಾತ್ರ ಆಗುತ್ತದೆ’ ಎನ್ನುತ್ತಿದ್ದರೆ, ಬಹಳಷ್ಟು ಸಂದರ್ಭಗಳಲ್ಲಿ ಅದಕ್ಕೆ ಕಾರಣ ತಂತ್ರಜ್ಞಾನದ ಮಿತಿಯಲ್ಲ, ಸಂಸ್ಥೆಯ ಇಚ್ಛೆ.

ಆದರೂ ಆ್ಯಪ್‌ಗಳಿಗೆ ಸಲ್ಲಬೇಕಾದದ್ದು ಸಲ್ಲಬೇಕು. ಹಣ ಪಾವತಿಯ ಆ್ಯಪ್ ಒಂದು ಗುಪ್ತ ಕೀಲಿಯನ್ನು ಫೋನಿನ ಸುರಕ್ಷಿತ ಚಿಪ್‌ನಲ್ಲಿ ಇಟ್ಟು, ಖಾತೆಯನ್ನು ಆ ಫೋನಿಗೇ ಕಟ್ಟಿಹಾಕಬಲ್ಲದು. ಹಾಗಾಗಿ ಪಾಸ್‌ವರ್ಡ್ ಕದ್ದವರಿಗೆ ಅಷ್ಟರಿಂದಲೇ ಹಣ ತೆಗೆಯಲು ಆಗುವುದಿಲ್ಲ. ದಾರಿ ತೋರಿಸುವ ಆ್ಯಪ್ ಪರದೆ ಆರಿದಾಗಲೂ ಹಿನ್ನೆಲೆಯಲ್ಲಿ ನಮ್ಮ ಚಲನೆಯನ್ನು ಗಮನಿಸುತ್ತಾ ಸರಿಯಾದ ತಿರುವಿನಲ್ಲಿ ಹೇಳಬೇಕು. ಈ ಕೆಲಸ ಬ್ರೌಸರ್‌ನಿಂದ ಇಂದಿಗೂ ಸರಿಯಾಗಿ ಆಗದು. ಕೈಗಡಿಯಾರ, ಕಿವಿಯ ಶ್ರವಣಯಂತ್ರ, ರಕ್ತದ ಸಕ್ಕರೆ ಅಳೆಯುವ ಉಪಕರಣ ಮೊದಲಾದವುಗಳೊಂದಿಗೆ ಬ್ಲೂಟೂತ್ ಮೂಲಕ ಸದಾ ಸಂಪರ್ಕದಲ್ಲಿರಬೇಕಾದ ಕೆಲಸಕ್ಕೂ ಆ್ಯಪ್ಪೇ ಬೇಕು. ಅಲಾರಂ, ಕೀಬೋರ್ಡ್, ದಿನವಿಡೀ ಬರುವ ಸಂದೇಶಗಳು, ಪ್ರಯಾಣಕ್ಕೆ ಮುನ್ನ ಇಳಿಸಿಟ್ಟುಕೊಳ್ಳುವ ಹಾಡುಗಳು, ಇವೆಲ್ಲ ಇದೇ ಸಾಲಿಗೆ ಸೇರಿದವು. ನೆಟ್‌ವರ್ಕ್ ನಿಧಾನವಾಗಿರುವ ಕಡೆ, ಪರದೆಯ ವಿನ್ಯಾಸವೆಲ್ಲ ಮೊದಲೇ ಫೋನಿನಲ್ಲಿದ್ದು ಮಾಹಿತಿ ಮಾತ್ರ ಬರಬೇಕಾಗಿರುವುದರಿಂದ, ಚೆನ್ನಾಗಿ ಕಟ್ಟಿದ ಆ್ಯಪ್ ಬೇಗ ತೆರೆದುಕೊಳ್ಳುತ್ತದೆ. ಇದರಲ್ಲಿ ನನ್ನ ತಕರಾರು ಏನೂ ಇಲ್ಲ.

ನನ್ನ ತಕರಾರು ಇರುವುದು, ಇಂತಹ ಯಾವ ಅಗತ್ಯವೂ ಇಲ್ಲದ ಆ್ಯಪ್‌ಗಳ ಬಗ್ಗೆ. ಎಷ್ಟೋ ಆ್ಯಪ್‌ಗಳ ಒಳಗೆ ಇರುವುದು ಆ ಸಂಸ್ಥೆಯ ಜಾಲತಾಣವೇ. ‘ವೆಬ್‌ವ್ಯೂ’ ಎಂಬ ಚೌಕಟ್ಟಿನಲ್ಲಿ ಅದೇ ಪುಟಗಳನ್ನು ತೋರಿಸಿ, ಸುತ್ತ ಒಂದು ಹೊದಿಕೆ ಹಾಕಿರುತ್ತಾರೆ. ಪುಟವೂ ಅದೇ, ವೇಗವೂ ಅದೇ. ಬಳಕೆದಾರರಿಗೆ ಹೊಸದಾಗಿ ಏನೂ ಸಿಗುವುದಿಲ್ಲ. ಸಂಸ್ಥೆಗೆ ಮಾತ್ರ ನಮ್ಮ ಫೋನಿನಲ್ಲಿ ಒಂದು ಕಾಯಂ ಜಾಗ ಸಿಗುತ್ತದೆ. ಆ ಜಾಗ ಅವರಿಗೆ ಏಕೆ ಅಷ್ಟು ಮುಖ್ಯ ಎಂಬುದನ್ನು ಅರ್ಥ ಮಾಡಿಕೊಳ್ಳಲು ಬ್ರೌಸರ್ ಮತ್ತು ಆ್ಯಪ್ ನಮ್ಮ ಬಗ್ಗೆ ಏನೇನು ತಿಳಿದುಕೊಳ್ಳಬಲ್ಲವು ಎಂಬುದನ್ನು ನೋಡಬೇಕು.

ಬ್ರೌಸರ್‌ನಲ್ಲಿ ತೆರೆದ ಜಾಲತಾಣ ನಮ್ಮ ಫೋನಿನಲ್ಲಿ ಬೇರೆ ಯಾವ ಆ್ಯಪ್‌ಗಳಿವೆ ಎಂದು ನೋಡಲಾರದು. ನಮಗೆ ಬಂದ ಎಸ್‌ಎಂಎಸ್‌ಗಳ ಪೆಟ್ಟಿಗೆಯನ್ನು ತೆರೆಯಲಾರದು. ಸಂಪರ್ಕ ಪಟ್ಟಿಯನ್ನು ಇಡಿಯಾಗಿ ಎತ್ತಿಕೊಂಡು ಹೋಗಲಾರದು. ಪುಟವನ್ನು ಮುಚ್ಚಿದ ಮೇಲೆ ನಾವು ಎಲ್ಲೆಲ್ಲಿ ಓಡಾಡುತ್ತಿದ್ದೇವೆ ಎಂದು ಹಿಂಬಾಲಿಸಲಾರದು. ಒಂದು ತಾಣ ಉಳಿಸಿಟ್ಟ ಮಾಹಿತಿಯನ್ನು ಇನ್ನೊಂದು ತಾಣ ಓದದಂತೆ ಬ್ರೌಸರ್ ನಡುವೆ ಗೋಡೆ ಹಾಕುತ್ತದೆ. ಆ್ಯಪ್‌ಗಳ ವಿಷಯದಲ್ಲಿ ಇಂತಹ ಗೋಡೆಗಳು ಒಂದೊಂದಾಗಿ, ತಡವಾಗಿ ಬಂದವು. 2015ರಲ್ಲಿ ಆಂಡ್ರಾಯ್ಡ್ 6 ಬರುವವರೆಗೆ ಆ್ಯಪ್ ಕೇಳಿದ ಅನುಮತಿಗಳನ್ನೆಲ್ಲ ಇನ್‌ಸ್ಟಾಲ್ ಮಾಡುವಾಗಲೇ ಒಟ್ಟಿಗೆ ಕೊಡಬೇಕಿತ್ತು. ಒಂದನ್ನು ಕೊಟ್ಟು ಇನ್ನೊಂದನ್ನು ನಿರಾಕರಿಸುವ ಅವಕಾಶ ಇರಲಿಲ್ಲ. ಎಸ್‌ಎಂಎಸ್ ಮತ್ತು ಕರೆಗಳ ದಾಖಲೆ ಓದುವ ಅನುಮತಿಯ ಮೇಲೆ ಗೂಗಲ್ ಪ್ಲೇ ಬಿಗಿಯಾದ ನಿರ್ಬಂಧ ಹೇರಿದ್ದು 2019ರ ಹೊತ್ತಿಗೆ. ಫೋನಿನಲ್ಲಿರುವ ಬೇರೆ ಆ್ಯಪ್‌ಗಳ ಪಟ್ಟಿಯನ್ನು ಬೇಕಾದವರೆಲ್ಲ ನೋಡದಂತೆ ಮಿತಿ ಬಂದದ್ದು, ‘ಈ ಬಾರಿ ಮಾತ್ರ’ ಎಂದು ಅನುಮತಿ ಕೊಡುವ ಆಯ್ಕೆ ಬಂದದ್ದು 2020ರ ಆಂಡ್ರಾಯ್ಡ್ 11ರಲ್ಲಿ. ಬೇರೆ ಸಂಸ್ಥೆಗಳ ಆ್ಯಪ್‌ ಮತ್ತು ತಾಣಗಳಲ್ಲಿ ನಮ್ಮನ್ನು ಹಿಂಬಾಲಿಸುವ ಮೊದಲು ಆ್ಯಪ್ ನಮ್ಮನ್ನು ಕೇಳಲೇಬೇಕು ಎಂಬ ನಿಯಮ ಐಫೋನ್‌ಗಳಲ್ಲಿ ಜಾರಿಯಾದದ್ದು 2021ರ ಏಪ್ರಿಲ್‌ನಲ್ಲಿ. ಇವೆಲ್ಲ ಒಳ್ಳೆಯ ಸುಧಾರಣೆಗಳೇ. ಆದರೆ ಹಳೆಯ ಫೋನ್ ಇಟ್ಟುಕೊಂಡವರಿಗೆ ಇವುಗಳಲ್ಲಿ ಕೆಲವು ಇಂದಿಗೂ ತಲುಪಿಲ್ಲ ಎಂಬುದನ್ನು ಮರೆಯಬಾರದು.

ಇದಕ್ಕಿಂತ ಆಳವಾದ ಸಮಸ್ಯೆಯೊಂದಿದೆ. ಆ್ಯಪ್ ಕಟ್ಟುವವರು ಅದರ ಎಲ್ಲ ಭಾಗಗಳನ್ನು ತಾವೇ ಬರೆಯುವುದಿಲ್ಲ. ಜಾಹೀರಾತು ತೋರಿಸಲು, ಎಷ್ಟು ಜನ ಬಳಸಿದರೆಂದು ಎಣಿಸಲು, ನಕ್ಷೆ ಹಾಕಲು ಬೇರೆ ಬೇರೆ ಕಂಪನಿಗಳು ಸಿದ್ಧಪಡಿಸಿದ ತಂತ್ರಾಂಶದ ತುಣುಕುಗಳನ್ನು ಒಳಗೆ ಸೇರಿಸುತ್ತಾರೆ. ಆ ಕ್ಷೇತ್ರದವರು ಇವನ್ನು ‘ಎಸ್‌ಡಿಕೆ’ ಎನ್ನುತ್ತಾರೆ. ನಾವು ಆ್ಯಪ್‌ಗೆ ಸ್ಥಳದ ಅನುಮತಿ ಕೊಟ್ಟರೆ, ಅದರೊಳಗೆ ಕುಳಿತ ಈ ತುಣುಕುಗಳಿಗೂ ಅದೇ ಅನುಮತಿ ಸಿಗುತ್ತದೆ. ಅನುಮತಿ ಕೇಳುವ ಪೆಟ್ಟಿಗೆಯಲ್ಲಿ ಆ್ಯಪ್‌ನ ಹೆಸರು ಮಾತ್ರ ಇರುತ್ತದೆ. ಅದರ ಬೆನ್ನಿಗೆ ಯಾರು ಯಾರಿದ್ದಾರೆ ಎಂಬುದು ಅಲ್ಲಿ ಬರೆದಿರುವುದಿಲ್ಲ. ಹವಾಮಾನ ತಿಳಿಯಲೆಂದು ಸ್ಥಳದ ಮಾಹಿತಿ ಕೊಟ್ಟ ವ್ಯಕ್ತಿ ಅದನ್ನು ಜಾಹೀರಾತು ಕಂಪನಿಗೂ ಕೊಟ್ಟಂತಾಯಿತೆಂದು ಅವರಿಗೆ ತಿಳಿಯುವ ಬಗೆ ಹೇಗೆ? ಇದರ ಜೊತೆಗೆ ಪ್ರತಿ ಫೋನಿಗೂ ಒಂದು ಜಾಹೀರಾತು ಗುರುತಿನ ಸಂಖ್ಯೆ ಇದ್ದು, ಹಲವು ಆ್ಯಪ್‌ಗಳಿಂದ ಸಂಗ್ರಹಿಸಿದ ವಿವರಗಳನ್ನು ಒಬ್ಬರದೇ ಎಂದು ಜೋಡಿಸಲು ಅದು ನೆರವಾಗುತ್ತದೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಈ ಸಂಖ್ಯೆಯನ್ನು ಅಳಿಸಲು ಅವಕಾಶವಿದೆ. ಆ ಅವಕಾಶದ ಬಗ್ಗೆ ಕೇಳಿ ತಿಳಿದವರು ನನ್ನ ಪರಿಚಯದಲ್ಲಿ ತೀರ ಕಡಿಮೆ.

ಜಾಲತಾಣಗಳು ಹಿಂಬಾಲಿಸುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ತಾಣಗಳು ನಮ್ಮನ್ನು ಗುರುತಿಸಲು ಬ್ರೌಸರ್‌ನಲ್ಲಿ ಉಳಿಸಿಡುವ ‘ಕುಕೀ’ ಎಂಬ ಸಣ್ಣ ಕಡತಗಳ ಮೂಲಕ ಒಂದು ತಾಣದಿಂದ ಇನ್ನೊಂದಕ್ಕೆ ನಮ್ಮ ಜಾಡು ಹಿಡಿಯುವ ಪದ್ಧತಿ ಆ್ಯಪ್‌ಗಳಿಗಿಂತ ಹಳೆಯದು, ಮತ್ತು ಬೇಡದ ನೋಟಿಫಿಕೇಶನ್‌ಗೆ ಅನುಮತಿ ಕೇಳಿ ಪೀಡಿಸುವ ತಾಣಗಳೂ ಬೇಕಾದಷ್ಟಿವೆ. ವ್ಯತ್ಯಾಸವಿರುವುದು ನಮ್ಮ ಕೈಯಲ್ಲಿರುವ ಹತೋಟಿಯಲ್ಲಿ. ಸಫಾರಿ 2020ರಿಂದಲೇ ಹೊರಗಿನ ತಾಣಗಳ ಕುಕೀಗಳನ್ನು ಪೂರ್ತಿಯಾಗಿ ತಡೆಯುತ್ತಿದೆ. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಜಾಹೀರಾತು ತಡೆಯುವ ವಿಸ್ತರಣೆಗಳನ್ನು (ಎಕ್ಸ್‌ಟೆನ್ಶನ್) ಹಾಕಿಕೊಳ್ಳಬಹುದು. ಯಾವ ಬ್ರೌಸರ್‌ನಲ್ಲೇ ಆಗಲಿ ಇತಿಹಾಸವನ್ನೂ ಕುಕೀಗಳನ್ನೂ ನಾವೇ ಅಳಿಸಬಹುದು, ಇಷ್ಟವಾಗದಿದ್ದರೆ ಬ್ರೌಸರನ್ನೇ ಬದಲಿಸಬಹುದು. ಬ್ರೌಸರ್ ನಮ್ಮ ಪರವಾಗಿ ಪುಟವನ್ನು ತೆರೆಯುತ್ತದೆ. ಆ್ಯಪ್ ಅದನ್ನು ಬರೆದ ಸಂಸ್ಥೆಯ ಪರವಾಗಿ ನಮ್ಮ ಫೋನಿನಲ್ಲಿ ಕೆಲಸ ಮಾಡುತ್ತದೆ. ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ.

ಇನ್ನು ಫೋನಿನ ಜಾಗದ ಪ್ರಶ್ನೆ. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವವರು ಹೊಸ, ದುಬಾರಿ ಫೋನ್ ಬಳಸುವವರು. ನಮ್ಮ ಬಂಧುಗಳಲ್ಲಿ ವಯಸ್ಸಾದ ಒಬ್ಬರು ಸಂಸ್ಥೆಯೊಂದರ ಜಾಲತಾಣದಲ್ಲಿ ಅರ್ಜಿ ತುಂಬುತ್ತಿದ್ದಾಗ ನಾನು ಪಕ್ಕದಲ್ಲಿದ್ದೆ. ಹುಟ್ಟಿದ ದಿನಾಂಕ ಹಾಕಲು ಕ್ಯಾಲೆಂಡರನ್ನು ಒಂದೊಂದೇ ತಿಂಗಳು ಹಿಂದಕ್ಕೆ ಸರಿಸುತ್ತಾ ಹೋಗಬೇಕಿತ್ತು; ಆ ವಯಸ್ಸಿನವರಿಗೆ ಅದೆಷ್ಟು ದೂರದ ಹಾದಿ ಎಂಬುದನ್ನು ಆ ಪುಟ ಮಾಡಿದವರು ಯೋಚಿಸಿದಂತಿರಲಿಲ್ಲ. ಸಹನೆಯಿಂದ ಅದನ್ನು ಮುಗಿಸಿ, ಭಾವಚಿತ್ರವನ್ನು ಹೇಳಿದ ಅಳತೆಗೆ ತಂದು ಸೇರಿಸಿ, ಕಡೆಯ ಪುಟಕ್ಕೆ ಬಂದರೆ, ‘ಸಲ್ಲಿಸಿ’ ಎಂಬ ಗುಂಡಿ ಇರಬೇಕಾದ ಜಾಗದಲ್ಲಿ ‘ಮುಂದುವರಿಯಲು ನಮ್ಮ ಆ್ಯಪ್ ಇನ್‌ಸ್ಟಾಲ್ ಮಾಡಿ’ ಎಂದಿತ್ತು. ಇನ್‌ಸ್ಟಾಲ್ ಒತ್ತಿದರೆ ಫೋನಿನಲ್ಲಿ ಸಾಕಷ್ಟು ಜಾಗವಿಲ್ಲ ಎಂಬ ಸೂಚನೆ ಬಂತು. ಮೊಮ್ಮಕ್ಕಳ ವಿಡಿಯೋಗಳಲ್ಲಿ ಯಾವುದನ್ನು ಅಳಿಸುವುದೆಂದು ಅವರು ಒಂದೊಂದನ್ನೇ ತೆರೆದು ನೋಡಿ, ಕೆಲವನ್ನು ಅಳಿಸಿ ಜಾಗ ಮಾಡಿದರು. ಆ್ಯಪ್ ಇಳಿಯಿತು, ಸಂಪರ್ಕ ಪಟ್ಟಿಯ ಅನುಮತಿ ಕೇಳಿತು, ಸ್ಥಳದ ಅನುಮತಿ ಕೇಳಿತು. ಕೊನೆಗೆ ತೆರೆದುಕೊಂಡ ಅರ್ಜಿ ಖಾಲಿಯಾಗಿತ್ತು. ತುಂಬಿದ್ದೊಂದೂ ಉಳಿದಿರಲಿಲ್ಲ. ಜೀವನದಲ್ಲಿ ಒಮ್ಮೆ ಮಾತ್ರ ಸಲ್ಲಿಸುವ ಅರ್ಜಿಗೆ ಒಂದು ಆ್ಯಪ್ ಏಕೆ ಬೇಕು, ಅರ್ಜಿಗೂ ಅವರ ಸ್ನೇಹಿತರ ದೂರವಾಣಿ ಸಂಖ್ಯೆಗಳಿಗೂ ಏನು ಸಂಬಂಧ ಎಂಬ ಪ್ರಶ್ನೆಗಳಿಗೆ ನನಗೆ ಇಂದಿಗೂ ಉತ್ತರ ಸಿಕ್ಕಿಲ್ಲ.

ಇಳಿಸಿಕೊಂಡಾಗ ಸಣ್ಣದಾಗಿ ಕಾಣುವ ಆ್ಯಪ್ ಬಳಸುತ್ತಾ ಹೋದಂತೆ ಚಿತ್ರ, ವಿಡಿಯೋ, ತಾತ್ಕಾಲಿಕ ಕಡತಗಳನ್ನು ಸೇರಿಸಿಕೊಂಡು ಹಲವು ಪಟ್ಟು ಬೆಳೆಯುವುದುಂಟು. ಅಪ್‌ಡೇಟ್‌ಗಳು ಡೇಟಾವನ್ನು ತಿನ್ನುತ್ತವೆ. ಫೋನಿನ ಆಂಡ್ರಾಯ್ಡ್ ಹಳೆಯದಾದರೆ ಒಂದು ದಿನ ಆ್ಯಪ್ ಇದ್ದಕ್ಕಿದ್ದಂತೆ ‘ಈ ಸಾಧನದಲ್ಲಿ ನಡೆಯುವುದಿಲ್ಲ’ ಎನ್ನುತ್ತದೆ. ಅದೇ ಫೋನಿನಲ್ಲಿ ಬ್ರೌಸರ್ ಮಾತ್ರ ಇನ್ನೂ ಕೆಲವು ಕಾಲ ಹೊಸ ಪುಟಗಳನ್ನು ತೆರೆಯುತ್ತಲೇ ಇರುತ್ತದೆ, ಏಕೆಂದರೆ ಅದು ಫೋನಿನ ತಂತ್ರಾಂಶದಿಂದ ಪ್ರತ್ಯೇಕವಾಗಿ ಅಪ್‌ಡೇಟ್ ಆಗುತ್ತದೆ. ಫೋನೇ ಇಲ್ಲದಿದ್ದರೂ ಜಾಲತಾಣವನ್ನು ಗ್ರಂಥಾಲಯದ ಕಂಪ್ಯೂಟರಿನಲ್ಲೋ ಪರಿಚಿತರ ಫೋನಿನಲ್ಲೋ ತೆರೆದು ಕೆಲಸ ಮುಗಿಸಬಹುದು.

ಜಾಲತಾಣದ ಗುಣಗಳಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಅದರ ವಿಳಾಸಕ್ಕೆ. ಓದಿದ ಪುಟದ ಲಿಂಕನ್ನು ಯಾರಿಗೆ ಕಳಿಸಿದರೂ ಅವರಿಗೆ ಅದೇ ಪುಟ ತೆರೆಯುತ್ತದೆ. ಅವರ ಫೋನ್ ಯಾವುದು, ಅದರಲ್ಲಿ ಯಾವ ಆ್ಯಪ್ ಇದೆ ಎಂದು ಕೇಳಬೇಕಾಗಿಲ್ಲ. ಪುಟದಲ್ಲಿ ಬೇಕಾದ ಪದವನ್ನು ಹುಡುಕಬಹುದು, ಒಂದು ಸಾಲನ್ನು ನಕಲಿಸಿಕೊಳ್ಳಬಹುದು, ಅನುವಾದಿಸಿ ನೋಡಬಹುದು, ಎರಡು ಬೆರಳಿನಿಂದ ದೊಡ್ಡದು ಮಾಡಬಹುದು, ನಾಲ್ಕು ತಾಣಗಳನ್ನು ನಾಲ್ಕು ಟ್ಯಾಬ್‌ಗಳಲ್ಲಿ ತೆರೆದು ಹೋಲಿಸಬಹುದು. ಎಷ್ಟೋ ಆ್ಯಪ್‌ಗಳಲ್ಲಿ ಒಂದು ದೂರವಾಣಿ ಸಂಖ್ಯೆಯನ್ನು ಕೂಡ ನಕಲಿಸಿಕೊಳ್ಳಲಾಗದೆ ಕಾಗದದ ಮೇಲೆ ಬರೆದುಕೊಳ್ಳಬೇಕಾಗುತ್ತದೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್, ವಾಯ್ಸ್‌ಓವರ್ ಎಂಬ ಸೌಲಭ್ಯಗಳು ಎರಡೂ ಕಡೆ ನಡೆಯುತ್ತವೆ ಎಂಬುದು ನಿಜ. ಆದರೆ ಗುಂಡಿಗೆ ಹೆಸರನ್ನೇ ಬರೆಯದ ಆ್ಯಪ್‌ನಲ್ಲಿ ಅವರಿಗೆ ಕೇಳಿಸುವುದು ‘ಬಟನ್, ಬಟನ್’ ಎಂದಷ್ಟೇ. ಜಾಲಪುಟಗಳಿಗಾದರೆ 1999ರಿಂದಲೇ ಪ್ರಕಟಿತ ಮಾರ್ಗಸೂಚಿಗಳಿವೆ, ಪುಟ ಅವುಗಳಿಗೆ ತಕ್ಕಂತಿದೆಯೇ ಎಂದು ಹೊರಗಿನವರು ಯಾರು ಬೇಕಾದರೂ ಪರೀಕ್ಷಿಸಬಹುದು.

ಕನ್ನಡ ಓದುಗರಿಗೆ ಇನ್ನೊಂದು ಕಾರಣಕ್ಕೂ ಇದು ಮುಖ್ಯ. ಜಾಲಪುಟದಲ್ಲಿ ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಸಮಾನವಾದ ಯುನಿಕೋಡ್ ಅಕ್ಷರಗಳಲ್ಲಿ ಪ್ರಕಟವಾದ ಕನ್ನಡ ಬರಹ ಹುಡುಕುತಾಣಗಳಿಗೆ ಸಿಗುತ್ತದೆ, ಮತ್ತು ಎಷ್ಟೋ ವರ್ಷಗಳ ನಂತರ ಅದೇ ವಿಷಯ ಹುಡುಕುವ ಅಪರಿಚಿತರ ಮುಂದೆ ಬಂದು ನಿಲ್ಲುತ್ತದೆ. 1996ರಲ್ಲಿ ಸ್ಥಾಪನೆಯಾದ ಇಂಟರ್ನೆಟ್ ಆರ್ಕೈವ್‌ನಂತಹ ಸಂಸ್ಥೆಗಳು ಜಾಲಪುಟಗಳ ಪ್ರತಿಗಳನ್ನು ಕಾಪಿಡುತ್ತಿರುವುದರಿಂದ ಮೂಲ ತಾಣ ಅಳಿದರೂ ಬರಹ ಉಳಿಯುವ ಸಾಧ್ಯತೆಯಿದೆ. ಆ್ಯಪ್‌ನೊಳಗೆ ಮಾತ್ರ ಇರುವ ಬರಹಕ್ಕೆ ಈ ಎರಡೂ ಭಾಗ್ಯವಿಲ್ಲ. ಆ ಸಂಸ್ಥೆ ಸೇವೆ ನಿಲ್ಲಿಸಿದ ದಿನ ಅದರೊಳಗಿನ ಕಥೆ, ಲೇಖನ, ಚರ್ಚೆಗಳೂ ಅದರೊಂದಿಗೆ ಹೋಗುತ್ತವೆ. ನಮ್ಮ ಭಾಷೆಯಲ್ಲಿ ಜಾಲದ ಮೇಲಿರುವ ಬರಹ ಮೊದಲೇ ಕಡಿಮೆ. ಅದನ್ನು ಬೀಗ ಹಾಕಿದ ಕೋಣೆಗಳಲ್ಲಿ ಹಂಚಿ ಇಡುವುದರಿಂದ ಇನ್ನೂ ಕಡಿಮೆಯಾಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ಎರಡೂ ಕಡೆ ಮೋಸವಿದೆ. ಬ್ಯಾಂಕಿನದೆಂದು ತೋರಿಸಿ ಪಾಸ್‌ವರ್ಡ್ ಕಸಿಯುವ ನಕಲಿ ತಾಣಗಳಿವೆ, ಅದೇ ಚಿಹ್ನೆ ಮತ್ತು ಹೆಸರು ಹಾಕಿಕೊಂಡ ನಕಲಿ ಆ್ಯಪ್‌ಗಳೂ ಇವೆ. ತಾಣವಾದರೆ ಮೇಲಿನ ಪಟ್ಟಿಯಲ್ಲಿ ವಿಳಾಸ ಓದಿ ನೋಡುವ ಅವಕಾಶವಾದರೂ ಇದೆ. ಸಂದೇಶದ ಮೂಲಕ ಬಂದ ಎಪಿಕೆ ಕಡತವನ್ನು (ಆಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡುವ ಕಡತ) ಒತ್ತಿ ಆ್ಯಪ್ ಹಾಕಿಕೊಂಡರೆ, ಸ್ಟೋರ್‌ನ ತಪಾಸಣೆಯನ್ನೇ ದಾಟಿ ಅಪರಿಚಿತರ ತಂತ್ರಾಂಶವನ್ನು ಫೋನಿನೊಳಗೆ ಬಿಟ್ಟುಕೊಂಡಂತಾಗುತ್ತದೆ. ಅದಕ್ಕೆ ಎಸ್‌ಎಂಎಸ್ ಓದುವ ಅನುಮತಿಯೂ ಸಿಕ್ಕರೆ ಬರುವ ಓಟಿಪಿಗಳೆಲ್ಲ ಅವರ ಕೈಗೆ ಹೋಗುತ್ತವೆ. ಪ್ರತಿಯೊಂದಕ್ಕೂ ‘ಆ್ಯಪ್ ಹಾಕಿಕೊಳ್ಳಿ’ ಎಂದು ಪ್ರಾಮಾಣಿಕ ಸಂಸ್ಥೆಗಳೇ ಜನರನ್ನು ರೂಢಿಸಿರುವುದರಿಂದಲೇ ವಂಚಕರು ಅದೇ ಮಾತು ಹೇಳಿದಾಗ ಜನರಿಗೆ ಸಂಶಯ ಬರುವುದಿಲ್ಲ ಎಂಬುದನ್ನು ಆ ಸಂಸ್ಥೆಗಳು ಗಂಭೀರವಾಗಿ ಆಲೋಚಿಸಬೇಕು.

ಹಣದ ಲೆಕ್ಕವೂ ಒಂದಿದೆ. ಆ್ಯಪ್‌ನೊಳಗೆ ಡಿಜಿಟಲ್ ಚಂದಾ ಕೊಂಡರೆ ಅದರಲ್ಲಿ ಸಾಮಾನ್ಯವಾಗಿ ಶೇ 15ರಿಂದ 30ರಷ್ಟು ಪಾಲು ಆ್ಯಪ್ ಸ್ಟೋರ್ ನಡೆಸುವ ಕಂಪನಿಗೆ ಹೋಗುತ್ತದೆ. ಈ ಕಾರಣಕ್ಕೆ ಕೆಲವು ಸೇವೆಗಳ ಚಂದಾ ಅವುಗಳ ಜಾಲತಾಣದಲ್ಲಿ ಕಡಿಮೆಗೆ ಸಿಗುತ್ತದೆ. ಕೊಳ್ಳುವ ಮುನ್ನ ಎರಡೂ ಕಡೆ ನೋಡುವುದು ಒಳ್ಳೆಯದು.

ಹಾಗಾದರೆ ಆಯ್ಕೆ ಹೇಗೆ ಮಾಡಬೇಕು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು. ಹೊಸ ಸೇವೆಯೊಂದನ್ನು ಮೊದಲು ಬ್ರೌಸರ್‌ನಲ್ಲೇ ಬಳಸಿ ನೋಡಿ. ವಾರಕ್ಕೆ ಹಲವು ಬಾರಿ ಬೇಕಾಗುತ್ತಿದೆ, ಬ್ರೌಸರ್‌ನಲ್ಲಿ ನಿಜವಾಗಿಯೂ ತೊಡಕಾಗುತ್ತಿದೆ ಎಂದು ಅನುಭವಕ್ಕೆ ಬಂದ ಮೇಲೆ ಆ್ಯಪ್ ಹಾಕಿಕೊಳ್ಳಿ. ಪದೇ ಪದೇ ತೆರೆಯುವ ತಾಣವಾದರೆ, ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕಿಗಳನ್ನು ಒತ್ತಿ, ಐಫೋನ್‌ನ ಸಫಾರಿಯಲ್ಲಿ ‘ಶೇರ್’ ಗುರುತನ್ನು ಒತ್ತಿ, ಹೋಮ್ ಸ್ಕ್ರೀನ್‌ಗೆ ಸೇರಿಸುವ ಆಯ್ಕೆಯನ್ನು ಬಳಸಬಹುದು. ಆ್ಯಪ್‌ನಂತೆಯೇ ಒಂದು ಚಿಹ್ನೆ ಬಂದು ಕೂರುತ್ತದೆ, ಜಾಗ ಮಾತ್ರ ಅತ್ಯಲ್ಪ ಹಿಡಿಯುತ್ತದೆ. ಆ್ಯಪ್ ಹಾಕಿಕೊಂಡಾಗ ಅದು ಕೇಳುವ ಪ್ರತಿ ಅನುಮತಿಗೂ ಮೊದಲು ‘ಬೇಡ’ ಎಂದೇ ಹೇಳಿ. ನಿಜವಾಗಿ ಅಗತ್ಯವಿದ್ದರೆ ಅದು ಮತ್ತೆ ಕೇಳುತ್ತದೆ, ಅಥವಾ ಸೆಟ್ಟಿಂಗ್ಸ್‌ನಲ್ಲಿ ಎಂದು ಬೇಕಾದರೂ ಕೊಡಬಹುದು. ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕು. ಆ್ಯಪ್ ಅಳಿಸಿದ ಮಾತ್ರಕ್ಕೆ ಆ ಸಂಸ್ಥೆಯಲ್ಲಿರುವ ನಮ್ಮ ಖಾತೆ ಅಳಿಯುವುದಿಲ್ಲ. ಖಾತೆ ತೆರೆಯಲು ಅವಕಾಶ ಕೊಡುವ ಆ್ಯಪ್ ಅದನ್ನು ಅಳಿಸಲೂ ಅವಕಾಶ ಕೊಡಲೇಬೇಕೆಂದು ಆ್ಯಪಲ್ 2022ರಲ್ಲಿ ನಿಯಮ ಜಾರಿ ಮಾಡಿತು. ಗೂಗಲ್ ಕೂಡ 2023ರಲ್ಲಿ ಅಂತಹುದೇ ನಿಯಮ ಪ್ರಕಟಿಸಿ, ಆ್ಯಪ್ ಇಲ್ಲದವರೂ ಖಾತೆ ಅಳಿಸುವಂತೆ ಜಾಲದಲ್ಲಿ ಒಂದು ಲಿಂಕ್ ಇರಬೇಕೆಂದು ಹೇಳಿತು. ಮೊದಲು ಖಾತೆ, ನಂತರ ಆ್ಯಪ್, ಈ ಕ್ರಮದಲ್ಲಿ ಅಳಿಸಬೇಕು.

ಸಂಸ್ಥೆಗಳಿಗೆ ನನ್ನ ಮನವಿ ದೊಡ್ಡದೇನಲ್ಲ. ಜಾಲತಾಣದಲ್ಲಿ ಇದ್ದ ಸೌಲಭ್ಯಗಳನ್ನು ಒಂದೊಂದಾಗಿ ಕಿತ್ತು ಆ್ಯಪ್‌ಗೆ ಸಾಗಿಸಬೇಡಿ. ಆ್ಯಪ್ ಇದೆಯೆಂದು ತಿಳಿಸುವುದಾದರೆ ಪುಟದ ಮೇಲ್ಭಾಗದಲ್ಲಿ ಒಂದು ಸಣ್ಣ ಪಟ್ಟಿ ಸಾಕು. ಓದುತ್ತಿರುವುದನ್ನು ಮುಚ್ಚುವ ಫಲಕ ಬೇಡ. ಹುಡುಕಿ ಬಂದವರ ಪರದೆಯನ್ನು ಆ್ಯಪ್ ಜಾಹೀರಾತಿನಿಂದ ಮುಚ್ಚುವ ಪುಟಗಳನ್ನು ಮೊಬೈಲ್‌ಗೆ ಯೋಗ್ಯವಲ್ಲವೆಂದು ಪರಿಗಣಿಸುವುದಾಗಿ ಗೂಗಲ್ 2015ರಲ್ಲೇ ಪ್ರಕಟಿಸಿತ್ತು; ಇಷ್ಟು ವರ್ಷಗಳಾದರೂ ಆ ಫಲಕಗಳು ಹೋಗಿಲ್ಲ. ಜನಸಾಮಾನ್ಯರು ಬೇರೆ ದಾರಿಯಿಲ್ಲದೆ ಬಳಸಲೇಬೇಕಾದ ಸೇವೆಗಳಾದರೆ, ಆಸ್ಪತ್ರೆ, ವಿದ್ಯುತ್, ನೀರು, ಶಿಕ್ಷಣ, ತೆರಿಗೆಗೆ ಸಂಬಂಧಿಸಿದವಾದರೆ, ಪ್ರತಿಯೊಂದು ಕೆಲಸವೂ ಸಾಧಾರಣ ಬ್ರೌಸರ್‌ನಲ್ಲಿ ಆರಂಭದಿಂದ ಕೊನೆಯವರೆಗೆ ಮುಗಿಯುವಂತಿರಬೇಕು. ಜಾಲದ ಮೂಲ ತಂತ್ರಾಂಶವನ್ನು, ಅದು ಹುಟ್ಟಿದ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ ಸಂಸ್ಥೆ 1993ರ ಏಪ್ರಿಲ್ 30ರಂದು ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ, ಇಂದು ಒಂದು ಪುಟ ಪ್ರಕಟಿಸಲು ಯಾವ ಕಂಪನಿಯ ಒಪ್ಪಿಗೆಯೂ ಬೇಕಿಲ್ಲ, ಅದನ್ನು ಓದಲು ಯಾವ ಕಂಪನಿಯ ಸ್ಟೋರ್‌ನಲ್ಲಿ ಖಾತೆಯೂ ಬೇಕಿಲ್ಲ. ಸಾರ್ವಜನಿಕ ಸೇವೆಗಳಿಗೆ ಇದಕ್ಕಿಂತ ಸೂಕ್ತವಾದ ನೆಲೆ ಬೇರೆ ಇಲ್ಲ.

ತಮ್ಮ ಪತ್ರಿಕೆಗೂ ಒಂದು ವಿನಂತಿ ಇದೆ. ಹೊಸ ಸೇವೆಗಳ ಬಗ್ಗೆ ಸುದ್ದಿ ಪ್ರಕಟಿಸುವಾಗ ಆ್ಯಪ್‌ನ ಹೆಸರಿನೊಂದಿಗೆ ಜಾಲತಾಣದ ವಿಳಾಸವನ್ನೂ ತಪ್ಪದೆ ಕೊಡಿ, ಮತ್ತು ಆ ಸೇವೆ ಆ್ಯಪ್ ಇಲ್ಲದೆ ಪೂರ್ಣವಾಗಿ ನಡೆಯುತ್ತದೆಯೇ ಎಂಬುದನ್ನು ವರದಿಗಾರರು ಬಳಸಿ ನೋಡಿ ಒಂದು ಸಾಲಿನಲ್ಲಾದರೂ ಬರೆಯಲಿ. ನಡೆಯದಿದ್ದರೆ ಏಕೆ ನಡೆಯುವುದಿಲ್ಲ ಎಂದು ಆ ಸಂಸ್ಥೆಯವರನ್ನು ಕೇಳಿ, ಅವರು ಕೊಟ್ಟ ಉತ್ತರವನ್ನೂ ಸುದ್ದಿಯ ಜೊತೆಗೇ ಪ್ರಕಟಿಸಿ.

ಇತಿ,
ತಮ್ಮ ಪತ್ರಿಕೆಯ ಓದುಗ